ಎದುರಿನವರ ಹುರಿ

ಹಗ್ಗಕ್ಕೆ ನೆನಪಿರುತ್ತದೆ ಎಂದು ಮೊದಲು ಹೇಳಿದ್ದು ನಾನಲ್ಲ, ನನ್ನ ಅಜ್ಜಯ್ಯ. ಗಂಗೊಳ್ಳಿಯ ದಂಡೆಯಲ್ಲಿ ಅವರು ರಂಪಣಿ ಎಂಬ ದೊಡ್ಡ ಬಲೆ ಎಳೆಯುವ ದೋಣಿಗಳನ್ನು ತೆಂಗಿನ ನಾರಿನ ಹುರಿಯಿಂದ ಹೊಲಿಯುತ್ತಿದ್ದರು. ಮೊಳೆ ಇಲ್ಲ, ಬೋಲ್ಟ್ ಇಲ್ಲ, ಹಲಗೆಗೆ ಹಲಗೆ ಸೇರಿಸಿ ಹೊಲಿಗೆ. ಯಾರಾದರೂ ಹಳೆಯ ಹುರಿಯ ತುಂಡು ತಂದುಕೊಟ್ಟರೆ ಹೆಬ್ಬೆರಳಲ್ಲಿ ಉಜ್ಜಿ ನೋಡಿ, ಇದು ಮೂರು ಮಳೆಗಾಲ ಕಂಡಿದೆ, ಒಂದು ಸಲ ದೋಣಿ ಮಗುಚಿದೆ ಎಂದು ಹೇಳಿಬಿಡುತ್ತಿದ್ದರು. ನಾನು ಪದವಿಯ ಮೇಲೆ ಪದವಿ ಪೇರಿಸಿ, ಇಪ್ಪತ್ತು ವರ್ಷ ಪ್ರಯೋಗಾಲಯದಲ್ಲಿ ಬೆನ್ನು ಬಗ್ಗಿಸಿ ಕಟ್ಟಿದ ಯಂತ್ರ ಇಷ್ಟೇ, ಅಜ್ಜಯ್ಯನ ಹೆಬ್ಬೆರಳು.

ಅದರ ಕೆಲಸವನ್ನು ಈಗಲೇ ಹೇಳಿ ಮುಗಿಸುತ್ತೇನೆ, ಆಮೇಲೆ ನಿಮ್ಮ ತಲೆ ತಿನ್ನುವುದಿಲ್ಲ. ಹುರಿ ಜಗ್ಗಿದಾಗಲೆಲ್ಲ ನಾರಿನ ಎಳೆಯೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಬಿರುಕು ಬೀಳುತ್ತದೆ. ಸಮುದ್ರದಲ್ಲಿದ್ದರೆ ಆ ಬಿರುಕಿನಲ್ಲಿ ಉಪ್ಪು ಕೂರುತ್ತದೆ. ದೊಡ್ಡ ಅಲೆಗೆ ಆಳದ ಬಿರುಕು, ಸಣ್ಣ ಅಲೆಗೆ ಸಣ್ಣದು. ಉಪ್ಪಿನ ಜೊತೆ ಸೇರಿಕೊಂಡ ಲೋಹದ ಕಣಗಳಿಂದ ಅದು ಯಾವ ಕಡಲಿನದು, ಎಷ್ಟು ವರ್ಷ ಹಳೆಯದು ಎಂದು ತಿಳಿಯುತ್ತದೆ. ನಮ್ಮ ಯಂತ್ರ ಎಕ್ಸ್‌ರೇ ಹಾಯಿಸಿ, ಗಂಟು ಬಿಚ್ಚದೆಯೇ, ಒಳಗಿನ ಎಳೆಯವರೆಗೂ ಇದನ್ನೆಲ್ಲ ಓದುತ್ತದೆ. ಟ್ರಾಲರ್ ದೋಣಿಗಳ ಹಗ್ಗ ಯಾಕೆ ತುಂಡಾಗುತ್ತದೆ ಎಂದು ನೋಡಲು ಕಟ್ಟಿದ್ದು ಮಾರಾಯ್ರೆ. ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು.

ನನ್ನ ಹೆಸರು ಸಿಂಗಾರಿ ಮೊಗವೀರ. ಹೆಸರು ಮಾತ್ರ ಸಿಂಗಾರಿ, ಸಿಂಗಾರಕ್ಕೂ ನನಗೂ ಆಗಿಬರುವುದಿಲ್ಲ. ನಮ್ಮ ಪ್ರಯೋಗಾಲಯದ ಮುಖ್ಯಸ್ಥರು ಹಂದೆ ಸರ್, ಮುಖ ನೋಡಿ ಮಾತಾಡುವ ಅಭ್ಯಾಸವೇ ಇಲ್ಲದ ಮನುಷ್ಯ. ಆದರೆ ಒಂದು ಅಂಕಿ ಆಚೀಚೆ ಆದರೆ ಊಟ ಬಿಡುತ್ತಿದ್ದರು. ಒಂದು ದಿನ ಅವರ ಮೇಜಿಗೆ ಶಾಂತಸಾಗರದ ನಡುವಿನಿಂದ ಒಂದು ಪತ್ರ ಬಂತು. ತೌಹಿವಾ ಮತ್ತು ರನಾಕೆ ಎಂಬ ಎರಡು ದ್ವೀಪಗಳ ಹಿರಿಯರು ಒಟ್ಟಿಗೆ ಬರೆದ ಪತ್ರ. ಈ ಹೆಸರುಗಳನ್ನು ನಾನೇ ಇಟ್ಟಿದ್ದೇನೆ. ನಿಜವಾದ ಹೆಸರು ಯಾಕೆ ಹೇಳುವುದಿಲ್ಲ ಎಂಬುದು ಕಥೆ ಮುಗಿದಾಗ ನಿಮಗೇ ಗೊತ್ತಾಗುತ್ತದೆ.

ಸಂಗತಿ ಇದು. ಎರಡು ದ್ವೀಪಗಳ ನಡುವಿನ ಸಮುದ್ರದ ತಳವನ್ನು ಬಗೆಯಲು ಒಂದು ಗಣಿ ಕಂಪನಿ ಬಂದಿತ್ತು. ಸಮುದ್ರ ನ್ಯಾಯಮಂಡಳಿ ದ್ವೀಪದವರನ್ನು ಕೇಳಿತು, ಈ ನೀರು ನಿಮ್ಮದು ಎನ್ನುವುದಕ್ಕೆ ದಾಖಲೆ ಏನಿದೆ ಎಂದು. ಬರಹವೇ ಇಲ್ಲದೆ ಏಳುನೂರು ವರ್ಷ ಬಾಳಿದ ಜನ ಎಲ್ಲಿಂದ ದಾಖಲೆ ತರಬೇಕು? ಅವರ ಹತ್ತಿರ ಇದ್ದದ್ದು ಒಂದು ಗಂಟು. ಹಲಸಿನಕಾಯಿ ಗಾತ್ರದ, ನಾರಿನ ಹುರಿಯ ಗಂಟು.

ಆ ಗಂಟಿನ ಕಥೆಯನ್ನು ನನಗೆ ಹೇಳಿದ್ದು ನಾನೀಹಿ ಅಜ್ಜಿ. ತೌಹಿವಾದಲ್ಲಿ ಹುರಿ ಕಟ್ಟುವವರ ಹಿರಿಯಳು. ಯಂತ್ರದ ಜೊತೆ ನಾನು ಅಲ್ಲಿಗೆ ಹೋದಾಗ ಅವರ ಮನೆಯಲ್ಲೇ ಎರಡು ತಿಂಗಳು ಇದ್ದೆ. ಜಗಲಿಯಲ್ಲಿ ಕಾಲು ಚಾಚಿ ಕೂತು, ತೊಡೆಯ ಮೇಲೆ ನಾರು ಹೊಸೆಯುತ್ತಲೇ ಮಾತಾಡುತ್ತಿದ್ದರು. ನಮ್ಮ ದೊಡ್ಡಮ್ಮನೂ ಹೀಗೇ ಹೊಸೆಯುತ್ತಿದ್ದಳು ಎಂದು ನಾನು ಪಕ್ಕದಲ್ಲಿ ಕೂತು ಹೊಸೆದು ತೋರಿಸಿದೆ. ಅಜ್ಜಿ ನನ್ನ ಹುರಿ ಎಳೆದು ನೋಡಿ, ಮೀನು ಬೇಡ, ಸೊಳ್ಳೆ ಕಟ್ಟಬಹುದು ಎಂದರು. ಅಂದಿನಿಂದ ನಾವಿಬ್ಬರೂ ದೋಸ್ತಿ.

ಏಳುನೂರು ವರ್ಷದ ಹಿಂದೆ ಎರಡು ದೋಣಿಗಳು ಬೇರೆ ಬೇರೆ ಕಡೆಯಿಂದ ಆ ದ್ವೀಪಗಳಿಗೆ ಬಂದವಂತೆ. ದಿಕ್ಸೂಚಿ ಇಲ್ಲ, ನಕ್ಷೆ ಇಲ್ಲ. ಇರುಳಲ್ಲಿ ನಕ್ಷತ್ರ ಗುರುತು. ಮೋಡ ಕವಿದರೆ ನಾವಿಕ ದೋಣಿಯ ತಳದಲ್ಲಿ ಬೆನ್ನು ಹಾಕಿ ಮಲಗಿ, ಯಾವ ಅಲೆ ಯಾವ ದಿಕ್ಕಿನಿಂದ ಬಡಿಯುತ್ತಿದೆ ಎಂದು ಬೆನ್ನಿನಿಂದಲೇ ತಿಳಿಯುತ್ತಿದ್ದ. ಬಂದು ಇಳಿದ ಮೇಲೆ ಶುರುವಾಯಿತು ನೋಡಿ, ನಾವು ಮೊದಲು, ನೀವು ಆಮೇಲೆ. ಒಂದು ತಲೆಮಾರು ಬಡಿದಾಡಿ, ದೋಣಿ ನಡೆಸಲು ಗಂಡಸರೇ ಉಳಿಯದ ಹಾಗಾಯಿತು. ಆಗ ಒಬ್ಬ ಮುದಿ ನಾವಿಕ ಎರಡು ದೋಣಿಗಳನ್ನೂ ದಂಡೆಗೆ ಎಳೆಸಿ, ಅಡ್ಡಮರ ಹಾಕಿ, ಒಂದೇ ಗಂಟಿನಿಂದ ಒಂದಕ್ಕೊಂದು ಕಟ್ಟಿಸಿ ಜೋಡಿದೋಣಿ ಮಾಡಿಸಿದ. ಇನ್ನು ಮುಂದೆ ಯಾರು ಮೊದಲು ಬಂದರು ಎಂದು ಕೇಳುವುದೇ ಪಾಪ ಎಂದು ಕಟ್ಟಳೆ ಹಾಕಿದ. ಅವನ ಹೆಸರನ್ನು ಯಾರೂ ಹೇಳುವುದಿಲ್ಲ. ಹೇಳಿದರೆ ಅವನು ಯಾವ ದ್ವೀಪದವನು ಎಂದು ಗೊತ್ತಾಗಿಬಿಡುತ್ತದಲ್ಲ.

ಅಂದಿನಿಂದ ವರ್ಷಕ್ಕೊಮ್ಮೆ ಎರಡು ದ್ವೀಪದವರೂ ಸೇರಿ ಆ ಗಂಟಿನ ಮೇಲೆ ಹೊಸ ಸುತ್ತು ಕಟ್ಟುತ್ತಾರೆ. ತೌಹಿವಾದವರು ರನಾಕೆಯ ದೋಣಿಯ ಬದಿಗೆ, ರನಾಕೆಯವರು ತೌಹಿವಾದ ದೋಣಿಯ ಬದಿಗೆ. ನನ್ನ ಜೀವ ನಿನ್ನ ಹುರಿಯಲ್ಲಿ ಎನ್ನುವ ಹಾಗೆ. ಮರದ ದೋಣಿ ಹಳತಾದರೆ ಹೊಸದು, ಗಂಟು ಮಾತ್ರ ಅದೇ. ಅದಕ್ಕೆ ಅಂಟು, ಎಣ್ಣೆ ಉಣಿಸಿ ಕಾಪಾಡಿದ್ದರು. ಕಟ್ಟುವಾಗ ಇಬ್ಬಿಬ್ಬರು ಎದುರುಬದುರು ಕೂರುತ್ತಾರೆ, ಹುರಿಯ ಒಂದೊಂದು ತುದಿ ಒಬ್ಬೊಬ್ಬರ ಕೈಯಲ್ಲಿ. ಆ ವರ್ಷ ಎದುರಿನವರಿಗೆ ಮಾಡಿದ ತಪ್ಪನ್ನು ಅವರ ಮುಖ ನೋಡಿ ಹೇಳಬೇಕು, ಆಮೇಲೆ ಇಬ್ಬರೂ ಸೇರಿ ಜಗ್ಗಿ ಬಿಗಿಯಬೇಕು. ಮುಚ್ಚಿಟ್ಟುಕೊಂಡು ಕಟ್ಟಿದ ಗಂಟು ಕಡಲಲ್ಲಿ ಬಿಚ್ಚುತ್ತದೆ ಎಂಬ ನಂಬಿಕೆ. ಹೇಳಿದ ಮೇಲೆ ಆ ಮಾತನ್ನು ಮತ್ತೆ ಎತ್ತುವ ಹಾಗಿಲ್ಲ. ನಮ್ಮಲ್ಲಿ ಇಂಥದ್ದು ಇದ್ದಿದ್ದರೆ ಗಂಗೊಳ್ಳಿಯಲ್ಲಿ ಅರ್ಧ ಜನ ಹುರಿ ಹಿಡಿದುಕೊಂಡೇ ಸಾಯುತ್ತಿದ್ದರು ಎಂದು ನಾನು ಅಜ್ಜಿಗೆ ಹೇಳಿ ನಗಿಸಿದ್ದೆ.

ಅಜ್ಜಿಯ ಒಬ್ಬಳೇ ಮಗಳು ಮೋಏರಾ ರನಾಕೆಗೆ ಮದುವೆಯಾಗಿ ಹೋದವಳು. ತವರಿಗೆ ಬಂದಾಗ ಅವಳೂ ನಮ್ಮ ಜೊತೆ ಜಗಲಿಯಲ್ಲಿ ಕೂರುತ್ತಿದ್ದಳು. ತೌಹಿವಾದವರು ನಾರನ್ನು ತೊಡೆಯಿಂದ ಮೊಣಕಾಲಿನ ಕಡೆಗೆ ಹೊಸೆಯುತ್ತಾರೆ, ಹುರಿ ಬಲಮುರಿ. ರನಾಕೆಯವರು ಮೊಣಕಾಲಿನಿಂದ ಮೇಲಕ್ಕೆ, ಎಡಮುರಿ. ಗಂಡನ ಮನೆ ಸೇರಿದ ಮೇಲೆ ಮೋಏರಾಳ ಕೈಯೂ ತಿರುಗಿತ್ತು. ಹೆತ್ತವಳ ಕೈ ಮರೆತವಳೇ ಎಂದು ಅಜ್ಜಿ ಬೈಯುತ್ತಿದ್ದರು, ಅವಳು ನಗುತ್ತಿದ್ದಳು. ಎರಡು ಸಲ ಬಸಿರು ಇಳಿದುಹೋಗಿತ್ತು. ಮೂರನೆಯದು ನಿಂತರೆ ಹೆರಿಗೆ ಇಲ್ಲೇ, ನನ್ನ ಕೈಯಲ್ಲೇ, ನಾನೇ ಬಾಣಂತನ ಮಾಡುತ್ತೇನೆ ಎಂದು ಅಜ್ಜಿ ದಿನಕ್ಕೆ ನಾಲ್ಕು ಸಲ ಹೇಳುತ್ತಿದ್ದರು. ಆಸ್ಪತ್ರೆ ಇದ್ದದ್ದೂ ತೌಹಿವಾದಲ್ಲಿ ಮಾತ್ರ.

ಗಂಟನ್ನು ಯಂತ್ರದ ಮುಂದೆ ಇಡುವ ಮೊದಲು ಹಿರಿಯರು ನನ್ನಿಂದ ಎರಡು ಮಾತು ತೆಗೆದುಕೊಂಡರು. ಗಂಟಿನ ಒಂದು ಸುತ್ತನ್ನೂ ಬಿಚ್ಚಬಾರದು. ಎಷ್ಟು ಹಳೆಯದು ಎಂದು ಓದಬೇಕು, ಯಾರು ಮೊದಲು ಎಂದು ಓದಬಾರದು. ನಾನು ಎರಡಕ್ಕೂ ಹೂಂ ಅಂದೆ.

ಬಿಚ್ಚಲಿಲ್ಲ, ಅದು ನಿಜ. ಆದರೆ ಯಂತ್ರಕ್ಕೆ ಹಿರಿಯರ ಕಟ್ಟಳೆ ಗೊತ್ತೇ? ನಮ್ಮೂರಿಗೆ ವಾಪಸು ಬಂದು ಅಂಕಿಗಳನ್ನು ತೆರೆದರೆ ಗಂಟಿನ ನಡುವಿನಲ್ಲಿ ಎರಡು ಹುರಿಗಳಿದ್ದವು, ಎರಡು ದೋಣಿಗಳಿಂದಲೇ ಬಿಚ್ಚಿ ತಂದ ಹೊಲಿಗೆಯ ಹುರಿಗಳು. ಎರಡೂ ದೊಡ್ಡ ಕಡಲು ದಾಟಿದ್ದವು. ಒಂದರಲ್ಲಿ ನಲವತ್ತೊಂದು ದಿನದ ಅಲೆ, ಇನ್ನೊಂದರಲ್ಲಿ ಮೂವತ್ತಾರು ದಿನದ್ದು. ಅದನ್ನು ಪರದೆಯ ಮೇಲೆ ಅಲೆ ಅಲೆಯಾಗಿ ಕಂಡಾಗ ನನಗೆ ಅಳು ಬಂತು, ಅಜ್ಜಯ್ಯ ಇರಬೇಕಿತ್ತು ಅನ್ನಿಸಿತು. ಮೊದಲನೆಯ ಹುರಿ ಇನ್ನೊಂದಕ್ಕಿಂತ ಹದಿನೆಂಟು ವರ್ಷ ಹಳೆಯದು. ಅದು ತೌಹಿವಾದ ದೋಣಿಯ ಬದಿಯಲ್ಲಿತ್ತು.

ಸುಮಾರು ಏಳುನೂರು ವರ್ಷ ಎಂದು ಒಂದೇ ಸಾಲು ಬರೆದರೆ ಸಾಕಿತ್ತು. ಎರಡೂ ವರ್ಷಗಳನ್ನು ಬರೆಯದೆ ಬಿಡೋಣವೇ ಎಂದು ಹಂದೆ ಸರ್ ಹತ್ತಿರ ಕೇಳಿದೆ. ಅವರು ಗೋಡೆ ನೋಡುತ್ತ, "ಮುಚ್ಚಿಟ್ಟ ಅಂಕಿ ಕದ್ದ ಅಂಕಿ, ಸಿಂಗಾರಿ" ಅಂದರು. ಅವರ ಮೇಲೆ ಹಾಕಿ ನಾನು ತಪ್ಪಿಸಿಕೊಳ್ಳುವುದಿಲ್ಲ. ನನಗೂ ಬರೆಯಬೇಕು ಅಂತಲೇ ಇತ್ತು. ನಮ್ಮ ದಂಡೆಯಲ್ಲಿ ಯಾರ ಬಲೆ ಮೊದಲು ನೀರಿಗೆ ಬಿತ್ತೋ ಆ ಮೀನಿನ ಹಿಂಡು ಅವರದು. ಯಾರು ಮೊದಲು ಎಂದು ಗೊತ್ತಾದರೆ ಜಗಳ ಮುಗಿಯಿತು, ಗೊತ್ತಾಗದಿದ್ದರೆ ಹೊಡೆದಾಟ. ಇದನ್ನು ನೋಡಿಯೇ ಬೆಳೆದವಳು ನಾನು. ಸತ್ಯ ಹೇಳಿದರೆ ಯಾರಿಗೆ ಏನು ಕೇಡು ಎಂಬ ಜಂಬ ಬೇರೆ. ವರದಿಯ ಕೊನೆಗೆ, ಏಳನೆಯ ಕೋಷ್ಟಕದಲ್ಲಿ, ಎರಡೂ ಹುರಿಗಳ ವರ್ಷ ಬರೆದು, ತೌಹಿವಾ ಹುರಿ, ರನಾಕೆ ಹುರಿ ಎಂದು ಹೆಸರು ಅಂಟಿಸಿ ಕಳಿಸಿದೆ.

ಗಣಿ ಕಂಪನಿಯ ವಕೀಲರು ಓದಿದ್ದು ಅದೊಂದೇ ಪುಟ. ಈ ಜನರ ಹಕ್ಕನ್ನು ನಾವು ಒಪ್ಪುತ್ತೇವೆ, ಆದರೆ ಹಕ್ಕು ಮೊದಲು ಬಂದವರದು ತಾನೆ ಎಂದು ವಾದಿಸಿದರು. ನ್ಯಾಯಮಂಡಳಿ ಒಪ್ಪಿತು, ಸಮುದ್ರ ತೌಹಿವಾದ್ದಾಯಿತು. ಎರಡು ದ್ವೀಪಗಳನ್ನು ಒಲಿಸಬೇಕಿದ್ದ ಕಂಪನಿಗೆ ಈಗ ಒಂದನ್ನು ಒಲಿಸಿದರೆ ಸಾಕಾಯಿತು. ಒಲಿಸಿತು ಕೂಡ. ಆರು ತಿಂಗಳೊಳಗೆ ಎರಡು ದ್ವೀಪಗಳ ನಡುವೆ ಗಡಿಗೆಂದು ಹಳದಿ ಬೋಯ್‌ಗಳ, ತೇಲುಬುಂಡೆಗಳ, ಸಾಲು ತೇಲಿತು. ರನಾಕೆಯವರು ಈಚೆ ಬರಬೇಕಾದರೆ ಚೀಟಿ ಬೇಕು. ಆ ವರ್ಷ ಗಂಟು ಕಟ್ಟುವ ದಿನ ರನಾಕೆಯಿಂದ ಒಬ್ಬರೂ ಬರಲಿಲ್ಲ. ಏಳುನೂರು ವರ್ಷದಲ್ಲಿ ಮೊದಲ ಸಲ. ಆಮೇಲೆ ಜೋಡಿದೋಣಿಯನ್ನು ಗರಗಸದಲ್ಲಿ ಕೊಯ್ದು ಪಾಲು ಮಾಡಿಕೊಂಡರು. ಇನ್ನೊಂದರ ಆಸರೆಯಿಲ್ಲದೆ ನೀರಲ್ಲಿ ನಿಲ್ಲುವ ದೋಣಿಗಳಲ್ಲ ಅವು. ಈಗ ಎರಡು ದಂಡೆಗಳಲ್ಲಿ ಒಂದೊಂದು ಅಡ್ಡ ಬಿದ್ದಿವೆ.

ಬೋಯ್‌ಗಳನ್ನು ಕಟ್ಟಿದ ಹಗ್ಗಗಳ ಮೇಲೆ ಕಣ್ಣಿಡುವ ಕೆಲಸ ಯಾರಿಗೆ ಬಂತು ಹೇಳಿ? ನಮಗೇ. ಜಗ್ಗಾಟ ಅಳೆಯಲು ನಾವೇ ಮಾಡಿದ ಎಳೆಯೊಂದನ್ನು ಹಗ್ಗದೊಳಗೆ ಸೇರಿಸಿದ್ದರು. ಪ್ರತಿ ಹಗ್ಗದ ಜಗ್ಗಾಟ ನಮ್ಮ ನಿಯಂತ್ರಣ ಕೊಠಡಿಯ ಪರದೆಯಲ್ಲಿ ಕಾಣುತ್ತಿತ್ತು. ಜೂನ್ ತಿಂಗಳ ಒಂದು ಬೆಳಿಗ್ಗೆ ಒಂಬತ್ತಕ್ಕೆ, ಅಲ್ಲಿ ಆಗ ಸಂಜೆ, ಮೂವತ್ತೊಂದನೆಯ ಬೋಯ್‌ನ ಹಗ್ಗದಲ್ಲಿ ಚಿಕ್ಕ ಚಿಕ್ಕ ಜಗ್ಗಾಟ ಕಂಡಿತು. ಅಲೆಯದ್ದಲ್ಲ. ಯಾರೋ ಸಣ್ಣ ದೋಣಿಯೊಂದನ್ನು ಬೋಯ್‌ಗೆ ಕಟ್ಟಿದ್ದಾರೆ. ಮೀನಿನವರು ದಣಿವಾರಿಸಿಕೊಳ್ಳುತ್ತಿರಬೇಕು ಎಂದುಕೊಂಡೆ. ಇಡ್ಲಿ ತಿಂದೆ, ಚಾ ಕುಡಿದೆ, ಪರದೆಯ ಮೂಲೆಯಲ್ಲಿ ಅದು ಜಗ್ಗುತ್ತಲೇ ಇತ್ತು. ಒಟ್ಟು ಮೂರು ಗಂಟೆ ಐವತ್ತು ನಿಮಿಷ. ಆಮೇಲೆ ನಿಂತಿತು. ದಿನಚರಿಯಲ್ಲಿ 'ವಿಶೇಷವೇನಿಲ್ಲ' ಎಂದು ನಾನೇ ಬರೆದೆ, ನನ್ನದೇ ಅಕ್ಷರ.

ಅದು ಮೋಏರಾಳ ದೋಣಿ. ತಿಂಗಳು ತುಂಬುವ ಮೊದಲೇ ನೋವು ಶುರುವಾಗಿ, ಗಂಡ ಅವಳನ್ನು ಮಲಗಿಸಿಕೊಂಡು ತೌಹಿವಾದ ಆಸ್ಪತ್ರೆಗೆ ಹೊರಟಿದ್ದ. ಬೋಯ್ ಸಾಲಿನಲ್ಲಿ ಕಾವಲಿಗಿದ್ದ ತೌಹಿವಾದ ಹುಡುಗರು ಚೀಟಿ ಕೇಳಿದರು. ಇದು ನಾನೀಹಿಯ ಮಗಳು ಎಂದರೂ ಬಿಡಲಿಲ್ಲ, ಮೇಲಿನವರನ್ನು ಕೇಳಿ ಬರುತ್ತೇವೆ ಎಂದು ಹೋದರು. ಬರುವಷ್ಟರಲ್ಲಿ ಮಗು ದೋಣಿಯಲ್ಲೇ ಹುಟ್ಟಿತ್ತು. ಹುಟ್ಟುವಾಗಲೇ ಉಸಿರಿರಲಿಲ್ಲ. ಗಂಡ ದೋಣಿ ತಿರುಗಿಸಿಕೊಂಡು ಹೋದ. ಆ ಹುಡುಗರು ಅಜ್ಜಿಯ ಪಕ್ಕದ ಮನೆಯವರು, ಅವರಿಗೆ ಮೊದಲ ಸ್ನಾನ ಮಾಡಿಸಿದ್ದೇ ಅಜ್ಜಿ. ಇದೆಲ್ಲ ನನಗೆ ತಿಳಿದದ್ದು ಎರಡು ವಾರದ ಮೇಲೆ, ಅಜ್ಜಿಯ ನೆರೆಯವರು ಬರೆದಾಗ. ಅಂದಿನಿಂದ ನಾನು ಆ ನಿಯಂತ್ರಣ ಕೊಠಡಿಗೆ ಕಾಲಿಡಲಿಲ್ಲ. ಏನು ಬಂತು? ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಇನ್ನೂ ಮುಗಿಯಲಿಲ್ಲ. ಹಂದೆ ಸರ್ ತೀರಿಕೊಂಡ ವರ್ಷ, ಕಾರ್ತಿಕದ ಒಂದು ಮಧ್ಯಾಹ್ನ, ನಮ್ಮ ಮನೆಯಲ್ಲಿ ಅತ್ತಿಗೆ ದೀಪಕ್ಕೆ ಬತ್ತಿ ಹೊಸೆಯುತ್ತಿದ್ದಳು. ಅವಳದ್ದು ಎಡಗೈ. ಅಮ್ಮ ಹೊಸೆದ ಬತ್ತಿಗಳ ತಟ್ಟೆಗೆ ತನ್ನವನ್ನೂ ಹಾಕುತ್ತಿದ್ದಳು. ನನ್ನ ಬತ್ತಿಗೆ ಇವಳದ್ದು ಸೇರಿಸಬೇಡಿ ಎಂದು ಅಮ್ಮ ಗೊಣಗಿ, ಒಂದೊಂದಾಗಿ ಆರಿಸಿ ಬೇರೆ ಮಾಡುತ್ತಿದ್ದಳು. ಅಮ್ಮನ ಕಣ್ಣು ಮಂಜು. ಬೆರಳಲ್ಲಿ ಮುಟ್ಟಿ, ಮುರಿ ನೋಡಿಯೇ ಆರಿಸುತ್ತಿದ್ದಳು.

ನಾನೂ ಒಂದೊಂದು ಬತ್ತಿ ಎತ್ತಿ ನೋಡಿದೆ, ಅಮ್ಮನದ್ದು ಬಲಮುರಿ, ಅತ್ತಿಗೆಯದ್ದು ಎಡಮುರಿ. ಪ್ರಯೋಗಾಲಯಕ್ಕೆ ಓಡಿ ಗಂಟಿನ ಹಳೆಯ ಎಕ್ಸ್‌ರೇ ಚಿತ್ರ ತೆಗೆಸಿದೆ. ತೌಹಿವಾ ದೋಣಿಯ ಬದಿಗಿದ್ದ ಮೊದಲ ಹುರಿ, ನಾನು ತೌಹಿವಾ ಎಂದು ಹೆಸರು ಅಂಟಿಸಿದ ಹುರಿ, ಎಡಮುರಿ. ರನಾಕೆಯವರ ಕೈ. ಆಚೆಯ ಬದಿಯದ್ದು ಬಲಮುರಿ, ತೌಹಿವಾದವರ ಕೈ. ಆ ಮುದಿ ನಾವಿಕ ಮೊದಲ ಗಂಟನ್ನೇ ಅದಲುಬದಲು ಮಾಡಿ ಕಟ್ಟಿಸಿದ್ದ. ಎದುರಿನವರ ಹುರಿ ನಿನ್ನ ದೋಣಿಗೆ. ವರ್ಷ ವರ್ಷ ಅವರು ಹಾಗೆಯೇ ಕಟ್ಟುತ್ತಾರೆ ಎಂದು ನಾನೀಹಿ ಅಜ್ಜಿಯೇ ನನಗೆ ಹೇಳಿದ್ದರು. ಆದರೂ ಒಳಗಿನ ಹುರಿಗಳಿಗೆ ಹೆಸರು ಹಾಕುವಾಗ ಗಂಗೊಳ್ಳಿ ನನ್ನ ತಲೆಯಲ್ಲಿ ಕೂತಿತ್ತು. ನಮ್ಮಲ್ಲಿ ದೋಣಿಗೆ ಸ್ವಂತ ಮನೆಯ ಹುರಿಯೇ ಆಗಬೇಕು, ಬೇರೆಯವರ ಹುರಿ ಮುಟ್ಟಿಸಿದರೆ ಅಪಶಕುನ. ದೋಣಿ ಹೊಲಿಯುವವರ ಮೊಮ್ಮಗಳು ನಾನು, ಹುರಿಯ ಮುರಿ ನೋಡಲಿಲ್ಲ. ಮೊದಲು ಬಂದವರು ರನಾಕೆಯವರು. ಒಂದು ಮಗು ಸತ್ತದ್ದು ಸುಳ್ಳಿನ ಮೇಲೆ.

ಸರಿಪಡಿಸಿದ ವರದಿಯನ್ನು ಚೀಲದಲ್ಲಿಟ್ಟುಕೊಂಡು ತೌಹಿವಾಕ್ಕೆ ಹೋದೆ. ಯಾರಿಗೂ ತೋರಿಸುವ ಮೊದಲು ಅಜ್ಜಿಗೆ ಹೇಳಬೇಕಿತ್ತು. ಅದೇ ಜಗಲಿ, ಅದೇ ಹೊಸೆತ. ಕಟ್ಟಲು ದೋಣಿ ಇಲ್ಲ, ಆದರೂ ಮನೆಯೊಳಗೆ ಹುರಿಯ ಸುರುಳಿಗಳು ಮಾಡಿನವರೆಗೆ ಏರಿದ್ದವು. ಮೋಏರಾ ಬರುತ್ತಾಳಾ ಎಂದು ಕೇಳಿದೆ. ಬಂದು ಮೂರು ವರ್ಷವಾಯಿತು, ಕಾಗದ ಹಾಕಿದರೂ ಒಡೆಯುವುದಿಲ್ಲವಂತೆ. ನಾನು ಎದುರು ಕೂತು ಎಲ್ಲ ಹೇಳಿದೆ. ಹೆಸರು ತಿರುಗಾಮುರುಗಾ ಆಗಿದೆ, ತಪ್ಪು ನನ್ನದು ಎಂದೆ.

ಅಜ್ಜಿ ಹೊಸೆಯುವುದನ್ನು ನಿಲ್ಲಿಸಲಿಲ್ಲ. "ಗೊತ್ತು ಮಗಳೇ. ನಿನ್ನ ವರದಿ ಬಂದ ದಿನವೇ ಗೊತ್ತಾಯಿತು," ಅಂದರು. "ಮೊದಲ ಗಂಟು ಹೇಗೆ ಕಟ್ಟಿದ್ದು ಎಂದು ಹುರಿ ಕಟ್ಟುವ ಹಿರಿಯಳಿಗಲ್ಲದೆ ಇನ್ನಾರಿಗೆ ಗೊತ್ತಿರುತ್ತದೆ?"

ಮತ್ತೆ ಯಾಕೆ ಸುಮ್ಮನಿದ್ದಿರಿ ಎಂದು ಕೇಳಿದೆ.

"ನಾವೇ ಮೊದಲು ಅಂತ ಊರು ಕುಣಿಯುತ್ತಿತ್ತು. ನನಗೂ ಖುಷಿಯಾಯಿತು. ಸುಳ್ಳು ಅಂತ ಗೊತ್ತಿದ್ದೂ ಖುಷಿಯಾಯಿತು. ಮುಂದಿನ ಗಂಟು ಕಟ್ಟುವಾಗ ರನಾಕೆಯವರ ಎದುರು ಕೂತು ಹೇಳಿಬಿಟ್ಟರಾಯಿತು ಅಂದುಕೊಂಡೆ. ತಪ್ಪು ಒಪ್ಪಿಕೊಳ್ಳುವುದು ಅಲ್ಲೇ ತಾನೆ ನಮ್ಮಲ್ಲಿ." ಅಜ್ಜಿಯ ಕೈ ಒಂದು ಕ್ಷಣ ತೊಡೆಯ ಮೇಲೆ ನಿಂತಿತು. "ಅವರು ಬರಲೇ ಇಲ್ಲ."

ಹೊಸೆಯುತ್ತಿದ್ದ ಹುರಿಯ ತುದಿಗೆ ನಾನು ಕೈ ಚಾಚಿದೆ, ಎದುರು ಕೂತು ಜಗ್ಗೋಣ ಎಂದು. ಅಜ್ಜಿ ಎಳೆದುಕೊಂಡರು. ಇದನ್ನು ಹಿಡಿಯಬೇಕಾದವಳು ನೀನಲ್ಲ ಎಂದರು. ಆಮೇಲೆ ಒಂದು ಮೊಳ ಕತ್ತರಿಸಿ ನನ್ನ ಕೈಗೆ ಕೊಟ್ಟರು. ಮೋಏರಾಳಿಗೆ ಇದನ್ನು ಕೊಡು, ಇಟ್ಟುಕೊಂಡರೆ ಒಂದು ತುದಿ ಹಿಡಿಯಲು ಒಪ್ಪಿದ ಹಾಗೆ, ಈಜಿಕೊಂಡಾದರೂ ಬರುತ್ತೇನೆ, ನನ್ನ ತಪ್ಪನ್ನು ನಾನೇ ಹೇಳುತ್ತೇನೆ, ಅಲ್ಲಿಯವರೆಗೆ ನೀನು ಬಾಯಿ ಬಿಡಬೇಡ ಎಂದರು. ವರದಿಯ ಬಗ್ಗೆ ಕೇಳಿದೆ. ಅದನ್ನು ಕೊಟ್ಟರೆ ಬೋಯ್‌ಗಳನ್ನು ಆಚೆಯವರು ಈಚೆಗೆ ಸರಿಸುತ್ತಾರೆ, ಆಗ ಚೀಟಿ ಕೇಳುವವರು ಅವರು, ದೋಣಿಯಲ್ಲಿ ಕಾಯುವವರು ನಾವು, ಅಷ್ಟೇ ತಾನೆ ಎಂದರು.

ನನ್ನದು ಹೊರಗಿನವರ ಚೀಟಿ, ಬೋಯ್ ಸಾಲಿನಲ್ಲಿ ಯಾರೂ ತಡೆಯಲಿಲ್ಲ. ರನಾಕೆಯ ದಂಡೆಯಲ್ಲಿ ಅಡ್ಡ ಬಿದ್ದ ದೋಣಿಯ ಪಕ್ಕದಲ್ಲೇ ಮೋಏರಾಳ ಮನೆ. ಅವಳು ಒಳಗೆ ಕರೆದಳು, ನೀರು ಕೊಟ್ಟಳು. ಸೊರಗಿದ್ದಳು. ಹುರಿಯನ್ನು ಮುಂದಿಟ್ಟೆ. ತೆಗೆದುಕೊಂಡು ಹೆಬ್ಬೆರಳಲ್ಲಿ ಉಜ್ಜಿ ನೋಡಿದಳು, ಥೇಟು ನಮ್ಮ ಅಜ್ಜಯ್ಯನ ಹಾಗೆ.

"ಅಮ್ಮನ ಕೈ ನಡುಗುತ್ತಿದೆ," ಅಂದಳು. ಅಷ್ಟನ್ನು ಓದಲು ಅವಳಿಗೆ ಯಂತ್ರ ಬೇಕಾಗಲಿಲ್ಲ.

ಬಹಳ ಹೊತ್ತು ಅದನ್ನು ಮಡಿಲಲ್ಲಿ ಇಟ್ಟುಕೊಂಡಿದ್ದಳು. ಇಟ್ಟುಕೊಳ್ಳುತ್ತಾಳೆ ಎಂದೇ ನಾನು ಆಸೆಪಟ್ಟೆ. ಆಮೇಲೆ ಸುತ್ತಿ ನನ್ನ ಕೈಗೆ ವಾಪಸು ಇಟ್ಟಳು. ಬಾಗಿಲವರೆಗೆ ಬಂದು ಕೇಳಿದಳು.

"ಅಕ್ಕಾ, ಅಮ್ಮ ಏನಾದರೂ ಹೇಳಿದಳಾ?"

ಚೀಲದಲ್ಲಿ ವರದಿ ಇತ್ತು, ಗಂಟಲಲ್ಲಿ ಅಜ್ಜಿಯ ಮಾತಿತ್ತು. ಬಾಯಿ ಮುಚ್ಚಿಕೊಂಡಿರಬೇಕಾದ ಹೊತ್ತಲ್ಲಿ ಕೋಷ್ಟಕ ಹಾಕಿ ಜಗತ್ತಿಗೆ ಸಾರಿದವಳು ನಾನು.

"ಇಲ್ಲ," ಅಂದೆ. "ಏನೂ ಹೇಳಲಿಲ್ಲ."

ಅವಳು ತಲೆಯಾಡಿಸಿ ಬಾಗಿಲು ಹಾಕಿಕೊಂಡಳು. ಹುರಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡು, ಮೂವತ್ತೊಂದನೆಯ ಬೋಯ್ ದಾಟಿ, ಕಾಯುತ್ತಿದ್ದ ಅಜ್ಜಿಯ ಕಡೆಗೆ ವಾಪಸು ಹೊರಟೆ.